ಎಳೆ ಹರಿದರೆ ಹಾಸು ಕತ್ತರಿಸುವರೇ?

ನಮ್ಮ ಕೊಳ್ಳೇಗಾಲ ರೇಷ್ಮೆಯ ಊರು. ಮಗ್ಗದ ಸದ್ದು ಕೇಳಿಕೊಂಡೇ ಬೆಳೆದವರು ನಾವು. ಮಗ್ಗವೆಂದ ಮೇಲೆ ಎಳೆ ಹರಿಯದ ದಿನವಿಲ್ಲ. ಹರಿದಾಗ ನೇಕಾರ ಏನು ಮಾಡುತ್ತಾನೆ? ಕೈ ನಿಲ್ಲಿಸುತ್ತಾನೆ. ಬಗ್ಗಿ ನೋಡಿ, ಸಾವಿರಾರು ಎಳೆಗಳ ನಡುವೆ ಹರಿದದ್ದು ಯಾವುದೆಂದು ಹುಡುಕುತ್ತಾನೆ. ಎರಡೂ ತುದಿ ಹಿಡಿದು ಗಂಟು ಹಾಕುತ್ತಾನೆ. ಲಾಳಿ ಮತ್ತೆ ಓಡುತ್ತದೆ. ಒಂದು ಎಳೆ ಹರಿಯಿತೆಂದು ಇಡೀ ಹಾಸನ್ನೇ ಕತ್ತರಿಸಿ ಬಿಸಾಡಿ, "ಹೊಸ ಹಾಸು ಹಾಕಿಕೊಟ್ಟಿದ್ದೇನೆ, ಐನೂರು ರೂಪಾಯಿ ಕೊಡಿ" ಎನ್ನುವ ನೇಕಾರನನ್ನು ನಾನು ಇದುವರೆಗೆ ಕಂಡಿಲ್ಲ. ಅಂಥವನಿದ್ದರೆ ಅವನ ಬಳಿ ಯಾರೂ ಸೀರೆ ನೇಯಿಸುತ್ತಿರಲಿಲ್ಲ.

ಆದರೆ ಕಂಪ್ಯೂಟರಿನ ವಿಷಯಕ್ಕೆ ಬಂದಾಗ ಇದೇ ನಾವು, ಇದೇ ಜಾಣೆಯರು, ಹಾಸು ಕತ್ತರಿಸುವವರಿಗೆ ಕೈಮುಗಿದು ದುಡ್ಡು ಕೊಟ್ಟು ಬರುತ್ತೇವೆ. ಆ ಕತ್ತರಿಗೆ 'ಫಾರ್ಮ್ಯಾಟ್' ಎಂದು ಹೆಸರು. ಕಂಪ್ಯೂಟರಿನಲ್ಲಿ ಇದ್ದುದನ್ನೆಲ್ಲ ಅಳಿಸಿ, ವಿಂಡೋಸನ್ನು ಮೊದಲಿನಿಂದ ಹಾಕುವುದಕ್ಕೆ ಹಾಗೆನ್ನುತ್ತಾರೆ. ನನ್ನ ಜಗಳ ಈ ಕತ್ತರಿಯ ಮೇಲೆ.

ಮನೆಯಲ್ಲಿ ಆಟಕ್ಕೆಂದೇ ಜೋಡಿಸಿದ ಕಂಪ್ಯೂಟರ್ ಇರುವ ತಾಯಂದಿರಿಗೆ ನಾನು ಹೇಳುತ್ತಿರುವ ಸಂಕಟ ಯಾವುದೆಂದು ಆಗಲೇ ಹೊಳೆದಿರಬೇಕು. ಪೆಟ್ಟಿಗೆಯ ಪಕ್ಕಕ್ಕೆ ಗಾಜು, ಒಳಗೆ ತೇರಿನ ದೀಪದಂತೆ ಬಣ್ಣ ಬದಲಿಸುವ ಫ್ಯಾನುಗಳು, ಪೆಟ್ಟಿಗೆಗಿಂತ ದುಬಾರಿಯಾದ ಗ್ರಾಫಿಕ್ಸ್ ಕಾರ್ಡು. ಮಗ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆಡುತ್ತಿರುತ್ತಾನೆ. ಇದ್ದಕ್ಕಿದ್ದಂತೆ ಚಿತ್ರವೆಲ್ಲ ಮಾಯವಾಗಿ ಪರದೆ ನೀಲಿಯಾಗುತ್ತದೆ. ಅದರ ಮೇಲೆ ಸಪ್ಪೆ ಮೋರೆಯ ಗುರುತು, ಕೆಳಗೆ ಒಂದಿಷ್ಟು ಇಂಗ್ಲಿಷು. ಓದುವಷ್ಟರಲ್ಲಿ ಯಂತ್ರ ಆರಿ ಹೊತ್ತಿಕೊಳ್ಳುತ್ತದೆ. ದಿನಕ್ಕೊಮ್ಮೆ ಆಗುತ್ತಿದ್ದುದು ಎರಡಾಗಿ, ನಾಲ್ಕಾಗಿ, ಕೊನೆಗೆ ಮನೆಮಂದಿಯ ನೆಮ್ಮದಿಯೇ ನೀಲಿಗಟ್ಟುತ್ತದೆ.

ಇದು ನಮ್ಮ ಊರಿಗೇ ಬಂದ ಪೀಡೆಯೇನಲ್ಲ. 1998ರ ಏಪ್ರಿಲಿನಲ್ಲಿ ಷಿಕಾಗೊದ ಪ್ರದರ್ಶನವೊಂದರಲ್ಲಿ ಬಿಲ್ ಗೇಟ್ಸ್ ವೇದಿಕೆಯ ಮೇಲೆ ನಿಂತಿದ್ದಾಗ, ಅವರ ಕಂಪನಿಯ ಹೊಸ ವಿಂಡೋಸ್ 98 ಒಂದು ಸ್ಕ್ಯಾನರ್ ಜೋಡಿಸಿದ ಕೂಡಲೇ ಎಲ್ಲರೆದುರು ನೀಲಿ ಪರದೆ ತೋರಿಸಿ ನಿಂತುಬಿಟ್ಟಿತು. ಮಾಡಿದವರ ಮುಂದೆಯೇ ಹಾಗಾದ ಮೇಲೆ ನಮ್ಮ ಮುಂದೆ ಆಗುವುದರಲ್ಲಿ ಏನಾಶ್ಚರ್ಯ? ಸಪ್ಪೆ ಮೋರೆ ಬಂದದ್ದು 2012ರ ವಿಂಡೋಸ್ 8ರಲ್ಲಿ. 2025ರಲ್ಲಿ ವಿಂಡೋಸ್ 11ರ ಹೊಸ ಆವೃತ್ತಿಯಲ್ಲಿ ಆ ಮೋರೆಯನ್ನೂ ತೆಗೆದು ಪರದೆಯನ್ನು ಕಪ್ಪು ಮಾಡಿದ್ದಾರೆ. ನಿಮ್ಮ ಮನೆಯಲ್ಲಿ ಬಣ್ಣ ಕಪ್ಪಿದ್ದರೂ ಕಾಯಿಲೆ ಅದೇ.

ಈಗ ಮುಖ್ಯ ಮಾತು. ಈ ಪರದೆ ಯಂತ್ರದ ಸಾವಲ್ಲ. ಅದು ಯಂತ್ರದ ಹೇಳಿಕೆ. ತನ್ನೊಳಗೆ ಏನೋ ತಾಳ ತಪ್ಪಿದ್ದು ಕಂಡು, ಹೀಗೆಯೇ ಮುಂದುವರಿದರೆ ಇಟ್ಟ ಲೆಕ್ಕ, ಬರೆದ ಕಡತ ಕೆಡಬಹುದೆಂದು ಅದು ತಾನಾಗಿಯೇ ನಿಲ್ಲುತ್ತದೆ. ಮನೆಯ ಫ್ಯೂಸ್ ಹೋದಂತೆ. ಫ್ಯೂಸ್ ಹೋದಾಗ ಫ್ಯೂಸನ್ನು ಬೈಯುವುದಿಲ್ಲ. ಎಲ್ಲಿ ಏನಾಯಿತೆಂದು ನೋಡುತ್ತೇವೆ. ಪರದೆಯ ಕೆಳಗೆ 'ಸ್ಟಾಪ್ ಕೋಡ್' ಎಂದು ಎರಡು ಮೂರು ಪದ ಇರುತ್ತವೆ. ಕೆಲವೊಮ್ಮೆ ಒಂದು ಫೈಲಿನ ಹೆಸರೂ ಇರುತ್ತದೆ. ಅದೇ ಆ ಹೇಳಿಕೆ. ನಮ್ಮಲ್ಲಿ ಅದನ್ನು ಯಾರೂ ಓದುವುದಿಲ್ಲ. ಓದುವ ಬದಲು ಮೂರು ಮಾತು ಆಡುತ್ತೇವೆ.

ಮನೆಯ ಯಜಮಾನರು ಹೇಳುವ ಮಾತು: "ಗೇಮ್ ಆಡಿ ಆಡಿ ಕೆಡಿಸಿದ." ಅಂಗಡಿಯವರು ಹೇಳುವ ಮಾತು: "ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತೆ." ನಾವು ಹೆಂಗಸರು ಹೇಳುವ ಮಾತು: "ನಮಗೇನು ಗೊತ್ತಾಗುತ್ತೆ ಬಿಡಿ." ಈ ಮೂರೂ ಸುಳ್ಳು. ಮೂರೂ ಸೇರಿದಾಗ ಮನೆಯೊಂದರಲ್ಲಿ ಎಷ್ಟು ಹಾನಿಯಾಗುತ್ತದೆ ಎಂಬುದನ್ನು ನನ್ನ ತವರಿನಲ್ಲೇ ಕಂಡಿದ್ದೇನೆ.

ನನ್ನ ತಮ್ಮನ ಮನೆ ಹನೂರಿನಲ್ಲಿ. ಅವನ ಮಗ, ನನ್ನ ಸೋದರಳಿಯ, ಡಿಪ್ಲೊಮಾ ಓದುವ ಹುಡುಗ. ಅವನ ತಾಯಿ ಹಾಲು ಮಾರಿ ಉಳಿಸಿದ್ದರಲ್ಲಿ, ಚೀಟಿ ಎತ್ತಿದ್ದರಲ್ಲಿ ಸೇರಿಸಿ ಅವನಿಗೆ ಒಂದು ಒಳ್ಳೆಯ ಕಂಪ್ಯೂಟರ್ ಜೋಡಿಸಿ ಕೊಡಿಸಿದಳು. ಅವನು ಆಡುತ್ತಿದ್ದ, ಓದಿಗೂ ಬಳಸುತ್ತಿದ್ದ. ಅವನ ತಂಗಿ ಕಾಲೇಜಿನ ಬರವಣಿಗೆ ಅದರಲ್ಲೇ ಮಾಡುತ್ತಿದ್ದಳು. 2024ರ ಮಾರ್ಚಿಯಲ್ಲಿ ನೀಲಿ ಪರದೆ ಶುರುವಾಯಿತು. ಅಂಗಡಿಗೆ ಹೊತ್ತರು. ಫಾರ್ಮ್ಯಾಟ್ ಆಯಿತು, ಐನೂರು ರೂಪಾಯಿ. ಹದಿನೈದು ದಿನಕ್ಕೆ ಮತ್ತೆ ನೀಲಿ. ಮತ್ತೆ ಹೊತ್ತರು, ಮತ್ತೆ ಫಾರ್ಮ್ಯಾಟ್, ಮತ್ತೆ ಐನೂರು. ಎರಡನೆಯ ಸಲ ಮನೆಗೆ ತಂದು ಹಾಕಿದಾಗ ಗೊತ್ತಾಯಿತು, ನಮ್ಮಮ್ಮನ ಹಾಡುಗಳು ಹೋಗಿದ್ದವು.

ಅಮ್ಮ ಸೋಬಾನೆ ಪದ ಹೇಳುವುದರಲ್ಲಿ ಎತ್ತಿದ ಕೈ. ಮುಪ್ಪಿನಲ್ಲಿ ಹಾಸಿಗೆ ಹಿಡಿದಾಗ ಸೊಸೆ ಪಕ್ಕದಲ್ಲಿ ಕೂತು ಒಂದೊಂದೇ ಪದ ಹೇಳಿಸಿ ಮೊಬೈಲಿನಲ್ಲಿ ಹಿಡಿದಿದ್ದಳು. ಮೊಬೈಲು ತುಂಬಿತೆಂದು ಕಂಪ್ಯೂಟರಿಗೆ ತುಂಬಿಸಿ ಮೊಬೈಲಿನಲ್ಲಿ ಅಳಿಸಿದ್ದಳು. ಅಮ್ಮ ಹೋಗಿ ಆಗ ವರ್ಷವಾಗಿತ್ತಷ್ಟೆ. ಕೇಳಿದರೆ ಅಂಗಡಿಯಲ್ಲಿ, "ಡೇಟಾ ಇತ್ತಾ ಮೇಡಂ? ಮೊದಲೇ ಹೇಳಬೇಕಿತ್ತಲ್ಲ" ಎಂದರಂತೆ. ಹಳೆಯ ತಿರುಗುವ ಹಾರ್ಡ್ ಡಿಸ್ಕುಗಳಲ್ಲಾದರೆ ಅಳಿಸಿದ್ದನ್ನು ಮರಳಿ ತೆಗೆಯುವ ಅವಕಾಶ ಕೆಲವೊಮ್ಮೆ ಇರುತ್ತದೆ. ಈಗಿನ ಎಸ್‌ಎಸ್‌ಡಿಯಲ್ಲಿ ಹೀಗೆ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದ ಮೇಲೆ ಅದು ಬಹುಮಟ್ಟಿಗೆ ಆಗದ ಮಾತು. ಹಾಡು ಹೋಯಿತು. ನೀಲಿ ಪರದೆ ಮಾತ್ರ ಮತ್ತೆ ಬಂತು.

ಆಗ ಸಿಟ್ಟೆಲ್ಲ ತಿರುಗಿದ್ದು ಹುಡುಗನ ಮೇಲೆ. "ಇವನು ಆಡದೇ ಇದ್ದಿದ್ದರೆ ಕೆಡುತ್ತಲೂ ಇರಲಿಲ್ಲ, ಅಂಗಡಿಗೆ ಹೋಗುತ್ತಲೂ ಇರಲಿಲ್ಲ, ಅಜ್ಜಿಯ ಹಾಡೂ ಉಳಿಯುತ್ತಿತ್ತು" ಎಂದು ನನ್ನ ತಮ್ಮ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ. ಹುಡುಗ ಅಪ್ಪನೊಂದಿಗೆ ಮಾತು ಬಿಟ್ಟ.

ಇಲ್ಲಿ ನಾನು ಟೀಚರಾಗಿ ಒಂದು ಮಾತು ಹೇಳಲೇಬೇಕು. ತರಗತಿಯಲ್ಲಿ ಪೆನ್ನು ಕಳೆದಾಗ ಎಲ್ಲರ ಕಣ್ಣೂ ತುಂಟನ ಕಡೆಗೆ ಹೊರಳುತ್ತದೆ. ಅವನು ಬೇರೆ ಹತ್ತು ತಂಟೆ ಮಾಡಿದವನೇ ಇರಬಹುದು. ಆ ಪೆನ್ನನ್ನು ಅವನು ತೆಗೆದನೆಂದು ಅದರಿಂದ ಸಾಬೀತಾಗುವುದಿಲ್ಲ. ಮಾಡದ ತಪ್ಪಿಗೆ ಬೈಸಿಕೊಂಡ ಮಗು ಆಮೇಲೆ ಮಾಡಿದ ತಪ್ಪಿಗೂ ತಲೆ ತಗ್ಗಿಸುವುದಿಲ್ಲ. ಮಗ ಎಷ್ಟು ಹೊತ್ತು ಆಡಬೇಕು ಎಂಬುದು ಒಂದು ಪ್ರಶ್ನೆ. ಅದರ ಬಗ್ಗೆ ಕಟ್ಟುನಿಟ್ಟಾಗಿರಿ, ನನ್ನ ತಕರಾರಿಲ್ಲ. ಯಂತ್ರ ಏಕೆ ನಿಂತಿತು ಎಂಬುದು ಬೇರೆ ಪ್ರಶ್ನೆ. ಒಂದರ ಸಿಟ್ಟನ್ನು ಇನ್ನೊಂದರ ಮೇಲೆ ತೀರಿಸಬೇಡಿ.

ಆಟ ಯಂತ್ರವನ್ನು ದುಡಿಸುತ್ತದೆ, ನಿಜ. ಬರಿ ಬರವಣಿಗೆಗೆ ಬೇಕಾದ್ದಕ್ಕಿಂತ ಹಲವು ಪಟ್ಟು ಕರೆಂಟು, ಹಲವು ಪಟ್ಟು ಕಾವು. ಅದರಿಂದ ಒಳಗಿದ್ದ ದೋಷ ಬೇಗ ಹೊರಬೀಳುತ್ತದೆ. ತಾಳಬೆಟ್ಟ ದಾಟಿ ಮಾದಪ್ಪನ ಬೆಟ್ಟದ ತಿರುವು ಏರುವಾಗ ಬಸ್ಸಿನ ರೇಡಿಯೇಟರ್ ಕುದಿದು ನಿಂತರೆ ನಾವು ಬೆಟ್ಟವನ್ನು ಬೈಯುತ್ತೇವೆಯೆ? ರೇಡಿಯೇಟರಿನ ತೂತು ಕೊಳ್ಳೇಗಾಲದಲ್ಲೇ ಇತ್ತು. ಏರಿನಲ್ಲಿ ಕಂಡಿತು ಅಷ್ಟೆ.

ಇದಕ್ಕೆ ಜಗತ್ತೇ ಸಾಕ್ಷಿ. ಇಂಟೆಲ್ ಕಂಪನಿಯ 13 ಮತ್ತು 14ನೆಯ ಪೀಳಿಗೆಯ ದುಬಾರಿ ಪ್ರೊಸೆಸರುಗಳಿದ್ದ ಯಂತ್ರಗಳು ಆಟದ ನಡುವೆ ಬೀಳುತ್ತಿದ್ದವು. ಕೆಲವು ಆಟಗಳು 'ವಿಡಿಯೊ ಮೆಮೊರಿ ಸಾಲದು' ಎಂದು ಹೇಳಿ ನಿಲ್ಲುತ್ತಿದ್ದವು. ಆಡುವವರು ಆಟವನ್ನು ಬೈದರು, ಗ್ರಾಫಿಕ್ಸ್ ಕಾರ್ಡನ್ನು ಬೈದರು, ಕಾರ್ಡು ಬದಲಿಸಿದರು. ಕೊನೆಗೆ 2024ರ ಜುಲೈಯಲ್ಲಿ ಇಂಟೆಲ್ ತಾನೇ ಹೇಳಿತು: ಪ್ರೊಸೆಸರಿನೊಳಗಿನ ಮೈಕ್ರೋಕೋಡಿನ ದೋಷದಿಂದ ಅದು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದೆ ಎಂದು. ಆಗಸ್ಟಿನಲ್ಲಿ ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆಗಲೇ ಹಾಳಾದ ಪ್ರೊಸೆಸರನ್ನು ಆ ತಿದ್ದುಪಡಿ ಸರಿಮಾಡದು, ಬದಲಿಸಿಕೊಳ್ಳಬೇಕು. ಅಷ್ಟು ಕಾಲ 'ಆಟದ ದೋಷ' ಎಂದು ಬೈಸಿಕೊಂಡವರೆಲ್ಲ ನಿರಪರಾಧಿಗಳಾಗಿದ್ದರು. ಅವರ ಯಂತ್ರವನ್ನು ಎಷ್ಟು ಸಲ ಫಾರ್ಮ್ಯಾಟ್ ಮಾಡಿದ್ದರೂ ಪ್ರಯೋಜನವಿರಲಿಲ್ಲ.

ಇನ್ನು ಎರಡನೆಯ ಸುಳ್ಳು. ಫಾರ್ಮ್ಯಾಟಿನಿಂದ ಸರಿಹೋಗುವ ಕಾಯಿಲೆ ಇಲ್ಲವೆಂದು ನಾನು ಹೇಳುವುದಿಲ್ಲ. ವಿಂಡೋಸಿನ ಕಡತಗಳೇ ಕೆಟ್ಟಿದ್ದರೆ, ಬಿಡಿಸಲಾಗದಂತೆ ವೈರಸ್ ಹೊಕ್ಕಿದ್ದರೆ, ಬೇರೆಲ್ಲ ಪರೀಕ್ಷೆ ಮುಗಿದಿದ್ದರೆ, ಇದ್ದುದನ್ನೆಲ್ಲ ಬೇರೆಡೆ ನಕಲು ಮಾಡಿಕೊಂಡು ಫಾರ್ಮ್ಯಾಟ್ ಮಾಡಲಿ. ಅದು ಕೊನೆಯ ಮದ್ದು. ನಮ್ಮಲ್ಲಿ ಅದೇ ಮೊದಲ ಮದ್ದು. ನೆಗಡಿಯೆಂದು ಹೋದರೆ ಮೂಗು ಕೊಯ್ಯುವ ವೈದ್ಯ!

2024ರ ಜುಲೈ 19ನ್ನು ನೆನಪು ಮಾಡಿಕೊಳ್ಳಿ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಫೈಲಿನಿಂದ ಜಗತ್ತಿನಾದ್ಯಂತ ಕಂಪನಿಗಳ, ಆಸ್ಪತ್ರೆಗಳ, ಬ್ಯಾಂಕುಗಳ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಮೈಕ್ರೋಸಾಫ್ಟ್ ಕೊಟ್ಟ ಲೆಕ್ಕ, ಸುಮಾರು 85 ಲಕ್ಷ ಯಂತ್ರಗಳು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಪರಿಹಾರ ಏನಾಗಿತ್ತು ಗೊತ್ತೆ? ಯಂತ್ರವನ್ನು ಸೇಫ್ ಮೋಡಿನಲ್ಲಿ ತೆರೆದು, ಆ ಒಂದು ಫೈಲನ್ನು ಹುಡುಕಿ ಅಳಿಸುವುದು. ಹರಿದ ಎಳೆ ಹುಡುಕಿದರು, ಗಂಟು ಹಾಕಿದರು. ಅಂದು ಆ ಕೆಲಸಕ್ಕೆ ನಮ್ಮ ಪೇಟೆಯ ಅಂಗಡಿಯವರನ್ನು ಕರೆದಿದ್ದರೆ 85 ಲಕ್ಷ ಹಾಸುಗಳೂ ಕತ್ತರಿಗೆ ಹೋಗುತ್ತಿದ್ದವು.

ಹನೂರಿನಲ್ಲಿ ಎಳೆ ಹುಡುಕಿದವಳು ನನ್ನ ತಮ್ಮನ ಹೆಂಡತಿ. ಎಸ್ಸೆಸ್ಸೆಲ್ಸಿಯವರೆಗೆ ಓದಿದವಳು. ಡೇರಿಗೆ ಹಾಲು ಹಾಕುವ ಲೆಕ್ಕಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದಳು. ಕಂಪ್ಯೂಟರ್ ನಿಂತಾಗಲೆಲ್ಲ ಅದರ ಅಂಚಿನಲ್ಲಿ ಒಂದು ಗೀಟು ಹಾಕಿ ಹೊತ್ತು ಬರೆದಿದ್ದಳು. ನಾನು ಯುಗಾದಿ ಕಳೆದು ಹೋಗಿದ್ದಾಗ ಅದನ್ನು ಮುಂದಿಟ್ಟು, "ಅಕ್ಕಾ, ಈ ಪೆಟ್ಗೆ ಎಲ್ಡು ಥರ ಸಾಯ್ತದೆ ಕನಕ್ಕ. ಒಂದ್ಸಲ ನೀಲಿ ಬತ್ತದೆ. ಇನ್ನೊಂದ್ಸಲ ಏನೂ ಬರದೆ ದೀಪ ಕೆಟ್ಟಂಗೆ ಕೆಟ್ಟೋಯ್ತದೆ. ಕೆಟ್ಟೋಗೋದು ಬರೀ ಸಾಯಂಕಾಲ" ಎಂದಳು. ಇಂಜಿನಿಯರಿಂಗ್ ಓದಿದವರು ಯಾರೂ ಇದಕ್ಕಿಂತ ಒಳ್ಳೆಯ ವರದಿ ಬರೆಯಲಾರರು.

ಆ ಗೀಟುಗಳನ್ನು ಓದುತ್ತಾ ಹೋದೆವು. ನೀಲಿ ಬಂದ ದಿನಗಳಲ್ಲಿ ಅರ್ಧದಷ್ಟು ಸಲ ಹುಡುಗ ಮನೆಯಲ್ಲೇ ಇರಲಿಲ್ಲ. ಹುಡುಗಿ ಟೈಪು ಮಾಡುತ್ತಿದ್ದಳು. ಅಲ್ಲಿಗೆ 'ಆಡಿ ಕೆಡಿಸಿದ' ಎಂಬ ಆರೋಪ ಬಿದ್ದುಹೋಯಿತು. ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಮುಂದಿನ ನಾಲ್ಕು ಸಲ ಪರದೆಯ ಫೋಟೊ ತೆಗೆದರು. ಒಂದರಲ್ಲಿ 'ಮೆಮೊರಿ ಮ್ಯಾನೇಜ್‌ಮೆಂಟ್' ಎಂದಿತ್ತು, ಉಳಿದವುಗಳಲ್ಲಿ ಬೇರೆ ಬೇರೆ. ಪ್ರತಿಸಲವೂ ಒಂದೇ ಕೋಡು, ಜೊತೆಗೆ ಒಂದೇ ಫೈಲಿನ ಹೆಸರು ಬರುತ್ತಿದ್ದರೆ ಸಂಶಯ ಯಾವುದೋ ಡ್ರೈವರಿನ ಮೇಲೆ. ಗ್ರಾಫಿಕ್ಸ್ ಕಾರ್ಡಿನ ಡ್ರೈವರನ್ನು ತೆಗೆದು ಸರಿಯಾದುದನ್ನು ಹಾಕಿದರೆ ಎಷ್ಟೋ ಸಲ ಮುಗಿಯುತ್ತದೆ. ಕೋಡು ಒಮ್ಮೆ ಹೀಗೆ ಒಮ್ಮೆ ಹಾಗೆ ಬದಲಾಗುತ್ತಿದ್ದರೆ ಸಂಶಯ ರ‍್ಯಾಮಿನ ಮೇಲೆ, ಇಲ್ಲವೇ ಕರೆಂಟಿನ ಮೇಲೆ. ಕೋಡು ತೀರ್ಪಲ್ಲ, ಸುಳಿವು. ಆದರೆ ಸುಳಿವಿಲ್ಲದೆ ಹುಡುಕುವುದಕ್ಕಿಂತ ಅದು ಎಷ್ಟೋ ವಾಸಿ.

ರ‍್ಯಾಮ್ ಪರೀಕ್ಷಿಸಲು ವಿಂಡೋಸಿನಲ್ಲೇ 'ಮೆಮೊರಿ ಡಯಾಗ್ನಾಸ್ಟಿಕ್' ಎಂಬ ಸಾಧನವಿದೆ. ಇನ್ನೂ ಕಟ್ಟುನಿಟ್ಟಾದ ಮೆಮ್‌ಟೆಸ್ಟ್ 86 ಎಂಬುದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಓಡಿಸಬಹುದು; ಹಣ ಕೊಡಬೇಕಾಗಿಲ್ಲ. ರಾತ್ರಿ ಮಲಗುವಾಗ ಹಚ್ಚಿಟ್ಟರು. ಬೆಳಿಗ್ಗೆ ಹಾಲು ಕರೆಯಲು ಎದ್ದಾಗ ಪರದೆಯ ಮೇಲೆ ಕೆಂಪು ಸಾಲುಗಳು. ಎರಡು ರ‍್ಯಾಮ್ ಪಟ್ಟಿಗಳಿದ್ದವು. ಒಂದನ್ನು ತೆಗೆದು ಇನ್ನೊಂದನ್ನು, ಆಮೇಲೆ ಅದಲುಬದಲು ಮಾಡಿ ಪರೀಕ್ಷಿಸಿದಾಗ ಕೆಟ್ಟದ್ದು ಯಾವುದೆಂದು ತಿಳಿಯಿತು. ವಾರಂಟಿ ಇತ್ತು, ಬಿಟ್ಟಿಯಾಗಿ ಬೇರೆ ಬಂತು. ಎರಡು ಫಾರ್ಮ್ಯಾಟಿಗೆ ಸಾವಿರ ರೂಪಾಯಿಯೂ ಒಬ್ಬ ಮುದುಕಿಯ ಕಂಠವೂ ಹೋಗಿತ್ತು. ನಿಜವಾದ ರಿಪೇರಿಗೆ ಆದ ಖರ್ಚು ಸೊನ್ನೆ.

ಸಾಯಂಕಾಲ ಏನೂ ಹೇಳದೆ ಆರಿಹೋಗುವ ಎರಡನೆಯ ಸಾವಿಗೆ ಕಾರಣ ಬೇರೆ. ನಮ್ಮ ಕಡೆಯ ಕರೆಂಟಿನ ಕಥೆ ನಿಮಗೆ ಗೊತ್ತು. ಇಲ್ಲೇ ಮಗ್ಗುಲಲ್ಲಿರುವ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿಯ ನೀರಿನಿಂದ ಕರೆಂಟು ಹುಟ್ಟಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ತವರು ಪಕ್ಕದಲ್ಲೇ ಇದ್ದರೂ ನಮ್ಮ ಹಳ್ಳಿಗಳ ಮನೆಗಳಿಗೆ ಅದು ತಲೆಮಾರುಗಳ ಮೇಲೆ ಬಂತು. ಬಂದ ಮೇಲೂ ಸಂಜೆಯ ಹೊತ್ತು, ಎಲ್ಲ ಮನೆಗಳಲ್ಲೂ ದೀಪ, ಟಿವಿ, ಮೋಟರು ಒಟ್ಟಿಗೆ ಹಚ್ಚಿದಾಗ, ಲೈನಿನ ಕೊನೆಯಲ್ಲಿರುವವರ ಪಾಲಿಗೆ ವೋಲ್ಟೇಜ್ ಕುಗ್ಗುತ್ತದೆ. ಕುಗ್ಗಿದಾಗ ಯುಪಿಎಸ್ ತನ್ನ ಬ್ಯಾಟರಿಗೆ ಹೊರಳುತ್ತದೆ. ತಮ್ಮನ ಮನೆಯಲ್ಲಿದ್ದುದು 600 ವಿಎ ಯುಪಿಎಸ್. ಈ 'ವಿಎ' ನೋಡಿ ಮೋಸಹೋಗಬೇಡಿ. 600 ವಿಎ ಎಂದರೆ ಸಾಮಾನ್ಯವಾಗಿ 360 ವಾಟ್ ಆಸುಪಾಸು ಮಾತ್ರ. ಬರವಣಿಗೆಗೆ ಅದು ಧಾರಾಳ. ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಯಂತ್ರ ಆಟದ ಭರದಲ್ಲಿ 400 ವಾಟ್ ದಾಟಿದರೆ ಯುಪಿಎಸ್ 'ನನ್ನಿಂದಾಗದು' ಎಂದು ಕೈಚೆಲ್ಲುತ್ತದೆ. ಹತ್ತು ಜನಕ್ಕೆ ಇಟ್ಟ ಅನ್ನದ ಪಾತ್ರೆಗೆ ಇಪ್ಪತ್ತು ಜನ ಕುಳಿತಂತೆ. ಯಂತ್ರದ ಪಾಲಿಗೆ ಅದು ವೈರು ಕಿತ್ತ ಹಾಗೆ; ನೀಲಿ ಪರದೆ ತೋರಿಸಲೂ ಅದಕ್ಕೆ ಸಮಯವಿರುವುದಿಲ್ಲ. ವಾಟ್ ಲೆಕ್ಕ ಹಾಕಿ ದೊಡ್ಡ ಯುಪಿಎಸ್ ತಂದರು. ಅಂದಿನಿಂದ ಆ ನೋಟ್‌ಬುಕ್ಕಿನಲ್ಲಿ ಹಾಲಿನ ಲೆಕ್ಕ ಮಾತ್ರ ಇದೆ.

ಹುಡುಗ ಅಪ್ಪನೊಂದಿಗೆ ಮಾತಾಡಲು ಇನ್ನೂ ಎರಡು ತಿಂಗಳು ಹಿಡಿಯಿತು. ಅದಕ್ಕೆ ವಾರಂಟಿ ಇಲ್ಲವಲ್ಲ.

ಕರೆಂಟಿನ ಮಾತು ಬಂದಾಗ ಅರ್ಥಿಂಗ್ ಬಗ್ಗೆಯೂ ಹೇಳಿಬಿಡುತ್ತೇನೆ. ಕಂಪ್ಯೂಟರಿನ ಕಬ್ಬಿಣದ ಮೈ ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆಯೆ? ಪ್ಲಗ್ಗಿನ ದಪ್ಪನೆಯ ಮೂರನೆಯ ಪಿನ್ನಿಗೆ ನೆಲದ ಸಂಪರ್ಕವಿಲ್ಲವೆಂದು ಅರ್ಥ. ಎಷ್ಟೋ ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಅದರ ಹಿಂದೆ ಎರಡೇ ವೈರು. ಇದು ಯಂತ್ರದ ಪ್ರಶ್ನೆ ಮಾತ್ರವಲ್ಲ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸುವ ನಿಮ್ಮ ಪ್ರಾಣದ ಪ್ರಶ್ನೆ. ಎಲೆಕ್ಟ್ರಿಷಿಯನ್ನನ್ನು ಕರೆಸಿ, ಇಂದೇ.

ಇನ್ನು ಕಾವು ಮತ್ತು ಧೂಳು. ಯಳಂದೂರಿನ ನನ್ನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಕಂಪ್ಯೂಟರಿಗೆ ರಾಜಮರ್ಯಾದೆ. ಗಾಜಿನ ಬಾಗಿಲಿನ ಶೋಕೇಸಿನಲ್ಲಿ ಇಟ್ಟು, ಮೇಲೆ ಕ್ರೋಶಾ ಹೆಣೆದ ಬಟ್ಟೆ ಹೊದಿಸಿದ್ದರು. ಆಟ ಶುರುವಾಗಿ ಅರ್ಧ ಗಂಟೆಗೆ ಸರಿಯಾಗಿ ಯಂತ್ರ ತಡವರಿಸುತ್ತಿತ್ತು, ಆಮೇಲೆ ನಿಲ್ಲುತ್ತಿತ್ತು. ಏಪ್ರಿಲಿನ ಬಿಸಿಲಿನಲ್ಲಿ ನಮ್ಮನ್ನು ಕಂಬಳಿ ಹೊದಿಸಿ ಬೀರುವಿನಲ್ಲಿ ಕೂರಿಸಿದರೆ ನಾವೂ ಅಷ್ಟೇ ಹೊತ್ತು ತಾಳುತ್ತಿದ್ದೆವು. ಹೊರಗಿಟ್ಟ ಮೇಲೆ ಸರಿಹೋಯಿತು. ನಮ್ಮ ಬೀದಿಯ ಇನ್ನೊಂದು ಮನೆಯಲ್ಲಿ ಮಗ್ಗವಿದೆ. ಅವರ ಯಂತ್ರದ ಫ್ಯಾನಿಗೆ ರೇಷ್ಮೆಯ ಜುಂಗು ಸುತ್ತಿಕೊಂಡು ಹಾಸಿಗೆಯಂತಾಗಿತ್ತು. ಒಂದು ಹಳೆಯ ಪೇಂಟ್ ಬ್ರಷ್ ಸಾಕಾಯಿತು. ಒಂದೇ ಎಚ್ಚರ: ಮೊದಲು ಪ್ಲಗ್ ಕಿತ್ತು, ಒಳಗೆ ಕೈಹಾಕುವ ಮುನ್ನ ಪೆಟ್ಟಿಗೆಯ ಕಬ್ಬಿಣ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತು ಕಳೆದುಕೊಳ್ಳಬೇಕು. ಎಸ್‌ಎಂಪಿಎಸ್ ಎಂಬ ಕರೆಂಟಿನ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ.

ಈಗ ಮೂರನೆಯ ಸುಳ್ಳು, ನಮ್ಮದೇ ಬಾಯಿಂದ ಬರುವುದು: "ನಮಗೇನು ಗೊತ್ತಾಗುತ್ತೆ ಬಿಡಿ." ಕುಕ್ಕರ್ ಕೂಗದಿದ್ದರೆ ನೀವು ಏನು ಮಾಡುತ್ತೀರಿ? ಗ್ಯಾಸ್ಕೆಟ್ ನೋಡುತ್ತೀರಿ, ವೆಯ್ಟಿನ ತೂತು ನೋಡುತ್ತೀರಿ, ನೀರು ಹಾಕಿದ್ದೆನೇ ಎಂದು ನೆನಪು ಮಾಡಿಕೊಳ್ಳುತ್ತೀರಿ, ಕೊನೆಗೆ ಸೇಫ್ಟಿ ವಾಲ್ವ್ ನೋಡುತ್ತೀರಿ. ಒಂದಾದ ಮೇಲೆ ಒಂದು. ಸಾರು ಕೆಟ್ಟಾಗ ಉಪ್ಪು, ಹುಳಿ, ಖಾರ ಮೂರನ್ನೂ ಒಟ್ಟಿಗೆ ಸುರಿಯುವುದಿಲ್ಲ. ಒಂದನ್ನು ಹಾಕಿ ರುಚಿ ನೋಡುತ್ತೀರಿ. ಕಂಪ್ಯೂಟರಿನ ದೋಷ ಹುಡುಕುವ ವಿದ್ಯೆಯೆಂದರೆ ಇಷ್ಟೇ: ಏನಾಯಿತೆಂದು ಬರೆದಿಡುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಬದಲಿಸಿದ ಮೇಲೆ ಕಾದು ನೋಡುವುದು. ಈ ವಿದ್ಯೆಯಲ್ಲಿ ನಾವು ಮೂವತ್ತು ನಲವತ್ತು ವರ್ಷ ಪಳಗಿದವರು. ಇಂಗ್ಲಿಷಿನ ನಾಲ್ಕು ಪದ ಕಂಡು ಆ ಅನುಭವವನ್ನೆಲ್ಲ ಗಂಟುಕಟ್ಟಿ ಇಡುವುದು ಎಲ್ಲಿಯ ನ್ಯಾಯ?

ಮುಗಿದುಹೋದ ಘಟನೆಗಳ ದಾಖಲೆಯೂ ಯಂತ್ರದಲ್ಲೇ ಇರುತ್ತದೆ. ಸ್ಟಾರ್ಟ್ ಒತ್ತಿ ಹುಡುಕುವ ಜಾಗದಲ್ಲಿ 'ರಿಲಯಬಿಲಿಟಿ' ಎಂದು ಟೈಪಿಸಿದರೆ ದಿನದಿನದ ಪಟ್ಟಿ ತೆರೆಯುತ್ತದೆ. ಯಾವ ದಿನ ಏನು ನಿಂತಿತೆಂದು ಕೆಂಪು ಗುರುತಿನೊಂದಿಗೆ ತೋರಿಸುತ್ತದೆ. ಹೊಸದಾಗಿ ಏನಾದರೂ ಹಾಕಿದ ಮರುದಿನದಿಂದಲೇ ಗುರುತುಗಳು ಶುರುವಾಗಿದ್ದರೆ ಕಳ್ಳ ಸಿಕ್ಕಂತೆ. ಎಂಥ ವರದಿ ಪುಸ್ತಕ! ಫಾರ್ಮ್ಯಾಟ್ ಮಾಡಿದಾಗ ಮೊದಲು ಸುಟ್ಟುಹೋಗುವುದು ಇದೇ. ಕಾಯಿಲೆ ವಾಸಿಮಾಡುವ ಮುನ್ನ ರೋಗಿಯ ಚೀಟಿ ಹರಿದು ಹಾಕಿದಂತೆ.

"ಟೀಚರೇ, ಅಂಗಡಿ ಹುಡುಗರೂ ಬದುಕಬೇಡವೆ?" ಎಂದು ನೀವು ಕೇಳಬಹುದು. ಬದುಕಲಿ. ಅವರ ಕಷ್ಟವೂ ನನಗೆ ಗೊತ್ತು. ಮೂರು ಗಂಟೆ ಕೂತು ಕಾರಣ ಹುಡುಕಿ, "ರ‍್ಯಾಮ್ ಸಡಿಲವಾಗಿತ್ತು, ತೆಗೆದು ಹಾಕಿದೆ" ಎಂದರೆ ನಾವು ಐವತ್ತು ರೂಪಾಯಿ ಕೊಡಲೂ ಗೊಣಗುತ್ತೇವೆ. "ಫಾರ್ಮ್ಯಾಟ್ ಮಾಡಿದೆ" ಎಂದರೆ ತುಟಿಪಿಟಕ್ಕೆನ್ನದೆ ಐನೂರು ಎಣಿಸುತ್ತೇವೆ. ಹುಡುಕುವುದಕ್ಕೆ ಕೂಲಿಯಿಲ್ಲ, ಅಳಿಸುವುದಕ್ಕೆ ಕೂಲಿ. ಹೀಗಿದ್ದ ಮೇಲೆ ಯಾರು ಹುಡುಕುತ್ತಾರೆ? ಆದ್ದರಿಂದ ಮೊದಲು ನಾವೇ ಹೇಳೋಣ: "ಕಾರಣ ಹುಡುಕಿ ಕೊಡಪ್ಪ, ಹುಡುಕಿದ್ದಕ್ಕೆ ದುಡ್ಡು ಕೊಡುತ್ತೇನೆ." ನೋಡುವುದಕ್ಕೇ ಡಾಕ್ಟರಿಗೆ ಫೀಸು ಕೊಡುವ ನಮಗೆ ಇದು ಹೊಸದಲ್ಲ.

ಹಾಗೆಯೇ ಕೆಲವು ಮಾತನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಕೇಳಲು ಕಲಿಯೋಣ. ಪರದೆಯ ಮೇಲೆ ಬಂದ ಸ್ಟಾಪ್ ಕೋಡ್ ಯಾವುದು, ಚೀಟಿಯಲ್ಲಿ ಬರೆಯಿರಿ. ರ‍್ಯಾಮ್ ಪರೀಕ್ಷೆ ಎಷ್ಟು ಹೊತ್ತು ಓಡಿಸಿದಿರಿ? ಆಟದ ಭಾರ ಹೊತ್ತಾಗ ಕಾವು ಎಷ್ಟಕ್ಕೆ ಏರುತ್ತದೆ? ಬದಲಿಸಿದ ಹಳೆಯ ಭಾಗ ಎಲ್ಲಿ? ಅದನ್ನು ನನ್ನ ಕೈಗೆ ಕೊಡಿ. ಎಲ್ಲಕ್ಕಿಂತ ಮೊದಲು: ನನ್ನ ಒಪ್ಪಿಗೆಯಿಲ್ಲದೆ ಒಂದು ಅಕ್ಷರವನ್ನೂ ಅಳಿಸಕೂಡದು. ಟೈಲರಿಗೆ ಬಟ್ಟೆ ಕೊಟ್ಟಾಗ ಉಳಿದ ತುಂಡನ್ನೂ ಕೇಳಿ ಪಡೆಯುವವರು ನಾವು. ಮಕ್ಕಳ ಬಾಲ್ಯ, ಸತ್ತವರ ದನಿ, ಮಗಳ ಓದು ತುಂಬಿದ ಪೆಟ್ಟಿಗೆಯನ್ನು ಕೊಡುವಾಗ ಮಾತ್ರ ಬಾಯಿ ಏಕೆ ಕಟ್ಟುತ್ತದೆ?

ಮನೆಯಲ್ಲಿ ಮಾಡಬೇಕಾದದ್ದು ಎರಡೇ. ಬೆಲೆಬಾಳುವುದರ ಇನ್ನೊಂದು ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತುಂಬಿ ಬೀರುವಿನಲ್ಲಿ ಒಡವೆಯ ಪಕ್ಕ ಇಡಿ, ಅದೂ ಒಡವೆಯೇ. ಮತ್ತೊಂದು, ಕಂಪ್ಯೂಟರಿನ ಪಕ್ಕ ಒಂದು ನೋಟ್‌ಬುಕ್ ಇಡಿ. ಮುಂದಿನ ಸಲ ಪರದೆ ನೀಲಿಯಾದಾಗ ಮಗನ ಮೇಲೆ ಕೂಗುವ ಮುನ್ನ ಮೊಬೈಲಿನಲ್ಲಿ ಅದರ ಫೋಟೊ ತೆಗೆದು, ದಿನ, ಹೊತ್ತು, ಆಗ ಏನು ನಡೆಯುತ್ತಿತ್ತು ಎಂದು ಒಂದು ಸಾಲು ಬರೆಯಿರಿ. ಒಂದು ಪುಟ ತುಂಬಿದ ಮೇಲೆ ಅದನ್ನು ಹಿಡಿದುಕೊಂಡು ಅಂಗಡಿಗೆ ಹೋಗಿ. ಆ ಪುಟವನ್ನು ಓದದೆ 'ಫಾರ್ಮ್ಯಾಟ್' ಎಂದು ಬಾಯಿ ತೆರೆದವರ ಕೈಯಿಂದ ಪೆಟ್ಟಿಗೆಯನ್ನು ವಾಪಸು ತೆಗೆದುಕೊಂಡು ಬನ್ನಿ.